ಬಿದ್ದವನನ್ನು ಯಾರೂ ಮುಟ್ಟಬಾರದು

ನವನಗರ, ಬಾಗಲಕೋಟೆ
8-7-2024

ಮುತ್ತಪ್ಪ,

ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಶುರು ಮಾಡುವುದು ಪದ್ಧತಿ. ನಾನು ಕ್ಷೇಮವಾಗಿಲ್ಲ, ನೀನಂತೂ ಇಲ್ಲವೇ ಇಲ್ಲ, ಹಾಗಾಗಿ ಆ ಸಾಲು ಬಿಟ್ಟಿದ್ದೇನೆ. ಫೋನಿನಲ್ಲಿ ನಿನ್ನೊಡನೆ ಮಾತಾಡುವುದೂ ಗೋಡೆಯೊಡನೆ ಮಾತಾಡುವುದೂ ಒಂದೇ. ಡೊಳ್ಳು ಬಾರಿಸಿ ಬಾರಿಸಿ ಕಿವಿ ಕಳೆದುಕೊಂಡವನು ನೀನು. ನಿನ್ನ ಸೊಸೆ ದಾನಮ್ಮನ ಕೈಗೆ ಫೋನು ಕೊಟ್ಟರೆ ನನ್ನ ಬೈಗುಳವನ್ನೆಲ್ಲ ತಾನೇ ನುಂಗಿ, 'ಮಾಸ್ತರು ಆರಾಮ ಅದಾರಂತ್ರಿ ಮಾವಾರ' ಎನ್ನುತ್ತಾಳೆ. ಊರಿಗೆ ಬರಬೇಡವೆಂದು ನೀನೇ ಹೇಳಿದ್ದೀಯ. ಉಳಿದದ್ದು ಕಾಗದ.

ಶುಕ್ರವಾರ, ಮಣ್ಣೆತ್ತಿನ ಅಮಾವಾಸ್ಯೆಯ ದಿನ ನಿಮ್ಮ ಬೀರಪ್ಪನ ಗುಡಿಯಲ್ಲಿ ನಡೆದದ್ದನ್ನು ನಾನು ಕಂಡಂತೆ ಬರೆಯುತ್ತೇನೆ, ಯಾಕೆಂದರೆ ನೀನು ಅದನ್ನು ಕಂಡಿಲ್ಲ. ಡೊಳ್ಳು ನಿಂತಿತ್ತು. ನೀನು ಅರಿಶಿಣದ ಭಂಡಾರ ತುಂಬಿದ ಬಟ್ಟಲು ಎತ್ತಿಕೊಳ್ಳಲು ಬಗ್ಗಿದವನು ಹಾಗೆಯೇ ಅಡ್ಡ ಬಿದ್ದೆ. ಮುಖ ಸುಣ್ಣವಾಗಿತ್ತು. ಮಂದಿಯೆಲ್ಲ 'ದೇವ್ರು ಬಂತು, ದೇವ್ರು ಬಂತು' ಎಂದು ಕೈ ಮುಗಿದು ಹಿಂದೆ ಸರಿದರು. ದೇವರು ಮೈಮೇಲೆ ಬಂದು ಬಿದ್ದವನನ್ನು ತಾನಾಗಿ ಏಳುವ ತನಕ ಯಾರೂ ಮುಟ್ಟಬಾರದು, ಅದು ನಿಮ್ಮ ಗುಡಿಯ ಕಟ್ಟಳೆ. ನನಗದು ಗೊತ್ತಿಲ್ಲದ್ದಲ್ಲ. ಬೆಣಚಹಾಳದ ಸಾಲೆಯಲ್ಲಿ ಅರ್ಧ ಆಯುಷ್ಯ ಪಾಠ ಹೇಳಿದವನು, ನಿಮ್ಮ ಪಡಸಾಲೆಯಲ್ಲಿ ಬಾಡಿಗೆಗಿದ್ದು ನಮ್ಮ ಮಂದಿಗೆ ಹೇಳದೆ ನಿಮ್ಮವ್ವ ಬೋರವ್ವನ ಕೈಯ ರೊಟ್ಟಿ ತಿಂದವನು ನಾನು.

ಗೊತ್ತಿದ್ದೂ ನುಗ್ಗಿದೆ. ನಿನ್ನ ಮಣಿಕಟ್ಟು ಹಿಡಿದೆ. ನಾಡಿ ಒಮ್ಮೆ ಬಡಿಯಿತು, ಆಮೇಲೆ ಬಡಿಯಲೇ ಇಲ್ಲ. ಇನ್ನು ಮುಗಿಯಿತು ಅಂದುಕೊಂಡ ಮೇಲೆ ಇನ್ನೊಂದು ಸಲ ಬಡಿಯಿತು. ಮುಖಕ್ಕೆ ನೀರು ಹೊಡೆದು ನಿನ್ನ ಕಾಲು ಎತ್ತಿ ಹಿಡಿದೆ. ಗುಡಿಯ ಹಿರಿಯ ಯಮನಪ್ಪ ಬಂದು ನನ್ನ ರಟ್ಟೆ ಹಿಡಿದು ಎಳೆದ. 'ಮಾಸ್ತರ, ದೇವ್ರನ್ನ ಮುಟ್ಟಿದ್ರಿ ನೀವು. ಇದನ್ನ ಊರು ಉಣಬೇಕಾಗ್ತೈತಿ' ಅಂದ. ಬೋರವ್ವ ಎದ್ದು ಹೊರಗೆ ಹೋಗಿಬಿಟ್ಟಳು. ನೀನು ಕಣ್ಣು ಬಿಟ್ಟು, ಸುತ್ತ ನೋಡಿ, ಹೇಳಿದ ಮೊದಲ ಮಾತು: 'ಮಾಸ್ತರ, ಇನ್ನ ಈ ಊರಿಗೆ ಬರಬ್ಯಾಡ್ರಿ.'

ಬರುವುದಿಲ್ಲ, ಆಯಿತು. ಆದರೆ ಆ ನಾಡಿ ನನಗೆ ಗುರುತಿದೆ. ಎರಡು ವರ್ಷದ ಹಿಂದೆ ಪೇಸ್‌ಮೇಕರ್ ಹಾಕುವ ಮುಂಚೆ ನನ್ನದೂ ಹಾಗೇ ಇತ್ತು. ನೀನು ದವಾಖಾನೆಗೆ ಹೋಗಬೇಕು. ಹೋಗುವ ತನಕ ನನಗೆ ಕೂತಲ್ಲಿ ಕೂಡಲು ಆಗುವುದಿಲ್ಲ.

ನಿನ್ನ
ಪಂಢರೀನಾಥ


ಬೆಣಚಹಾಳ, ತಾ. ಹುನಗುಂದ
21-7-2024

ಪಂಢರೀನಾಥ ಮಾಸ್ತರರಿಗೆ ಮುತ್ತಪ್ಪನ ನಮಸ್ಕಾರ.

ಕಾಗದ ಮುಟ್ಟಿತು. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ, ಊರಿಗಿದೆ. ಯಮನಪ್ಪಜ್ಜ ಗುಡಿ ತೊಳೆಸಿದ. ನೀವು ಮತ್ತೆ ಬಂದರೆ ಯಾರಾದರೂ ಒಂದು ಮಾತು ಅಂದಾರು, ಅದು ನನಗೆ ತಡೆಯದು ಎಂದು ಹಾಗೆ ಹೇಳಿದೆ.

ನನಗೆ ರೋಗವಿಲ್ಲ. ಕುರಿಯ ಹಿಂದೆ ನಡೆದು ಗಟ್ಟಿಯಾದ ಮೈ ಇದು. ಮೊದಲು ದೇವರು ಬಂದು ಕುಣಿಸುತ್ತಿತ್ತು, ಈಗ ವಯಸ್ಸಾಯಿತೆಂದು ಮಲಗಿಸುತ್ತದೆ. ಮಗ ಹಣಮೇಶ ಇಳಕಲ್ಲಿನಿಂದ ವಾರಕ್ಕೊಮ್ಮೆ ಬಂದು ಹೋಗುತ್ತಾನೆ. ಮೊಮ್ಮಗಳು ಲಲಿತಾ ಈಗ ನಿಲ್ಲಲು ಕಲಿತಿದ್ದಾಳೆ. ನನ್ನ ಕಾಲು ಹಿಡಿದೇ ನಿಲ್ಲಬೇಕು ಆಕೆಗೆ.

ಅವ್ವ ಅಂದಿನಿಂದ ಮಾತು ಕಡಿಮೆ ಮಾಡಿದ್ದಾಳೆ. ನೀವು ಮುಟ್ಟಿದ್ದು ಆಕೆಯ ಮನಸ್ಸಿಗೆ ಹತ್ತಿದೆ ಅನಿಸುತ್ತದೆ. ಬಿಡಿರಿ.

ನಿಮ್ಮ
ಮುತ್ತಪ್ಪ


ನವನಗರ, ಬಾಗಲಕೋಟೆ
30-7-2024

ಲೇ ಮುತ್ತಪ್ಪ,

ಬಿಡಿರಿ ಅಂದರೆ ಬಿಡುವವನು ನಾನಾಗಿದ್ದರೆ ನಿಮ್ಮೂರ ಒಂದು ಹುಡುಗನೂ ಮಗ್ಗಿ ಕಲಿಯುತ್ತಿರಲಿಲ್ಲ. ನೆಟ್ಟಗೆ ಕೂತು ಓದು.

ಹೃದಯದ ಮೇಲಿನ ಕೋಣೆಯಲ್ಲಿ ಅದಕ್ಕೆ ತನ್ನದೇ ಒಂದು ಗಂಟೆ ಇರುತ್ತದೆ. ನಮ್ಮ ಸಾಲೆಯ ಗಂಟೆ ಅಂದುಕೋ. ಅದು ಹೊಡೆದಾಗಲೆಲ್ಲ ಸುದ್ದಿ ಒಂದು ದಾರಿ ಹಿಡಿದು ಕೆಳಗಿನ ಕೋಣೆಗೆ ಇಳಿಯುತ್ತದೆ, ಆ ಕೋಣೆ ಮುಷ್ಟಿ ಬಿಗಿದು ಮೈತುಂಬ ರಕ್ತ ತಳ್ಳುತ್ತದೆ. ಕೆಲವರಲ್ಲಿ ಗಂಟೆಯೇ ಆಲಸಿಯಾಗುತ್ತದೆ. ಇನ್ನು ಕೆಲವರಲ್ಲಿ, ನನ್ನಲ್ಲಾದ ಹಾಗೆ, ಗಂಟೆ ಹೊಡೆದರೂ ನಡುವಿನ ದಾರಿ ಕೆಟ್ಟು ಸುದ್ದಿ ಕೆಳಗೆ ಮುಟ್ಟುವುದಿಲ್ಲ. ಕೆಳಗಿನ ಕೋಣೆ ತನಗೆ ಮನಸ್ಸು ಬಂದಾಗ ಒಮ್ಮೆ ಬಡಿಯುತ್ತದೆ, ಒಮ್ಮೊಮ್ಮೆ ಅದೂ ಮರೆಯುತ್ತದೆ. ತಲೆಗೆ ರಕ್ತ ಏರದೆ ಮನುಷ್ಯ ದೊಪ್ಪನೆ ಬೀಳುತ್ತಾನೆ. ಬಡಿತ ಮತ್ತೆ ಶುರುವಾದರೆ ಏನೂ ಆಗದವನಂತೆ ಏಳುತ್ತಾನೆ. ಶುರುವಾಗದಿದ್ದರೆ ಏಳುವುದಿಲ್ಲ. ಇದಕ್ಕೆ ಗುಳಿಗೆಯಿಂದ ಗುಣವಿಲ್ಲ, ಡಾಕ್ಟರು ನನಗೆ ಹೇಳಿದ ಮಾತು ಇದು.

ನನ್ನ ಎಡಗಡೆ ಕೊರಳೆಲುಬಿನ ಕೆಳಗೆ, ಚರ್ಮದ ಒಳಗೆ, ಒಂದು ಸಣ್ಣ ಡಬ್ಬಿ ಇಟ್ಟಿದ್ದಾರೆ. ಅದರ ತಂತಿ ರಕ್ತನಾಳದೊಳಗಿಂದ ಹೋಗಿ ಹೃದಯವನ್ನು ಮುಟ್ಟುತ್ತದೆ. ಹೃದಯ ತಾನೇ ಹೊತ್ತಿಗೆ ಸರಿಯಾಗಿ ಬಡಿದರೆ ಅದು ಸುಮ್ಮನಿರುತ್ತದೆ. ತಡವಾದರೆ ಮಾತ್ರ ಮೆಲ್ಲಗೆ ತಟ್ಟುತ್ತದೆ. ಅದು ತಟ್ಟಿದ್ದು ನನಗೆ ತಿಳಿಯುವುದೂ ಇಲ್ಲ. ಹಾಕುವಾಗ ಪೂರ್ತಿ ಎಚ್ಚರವಿದ್ದೆ, ಆ ಜಾಗಕ್ಕಷ್ಟೇ ಮರಗಟ್ಟುವ ಸೂಜಿ ಕೊಟ್ಟಿದ್ದರು. ಮಾರನೆಯ ದಿನ ನಡೆದಾಡಿದೆ.

ಮೊದಲ ತಿಂಗಳು ಬಹಳ ಹೆದರಿದ್ದೆ, ಸುಳ್ಳು ಯಾಕೆ ಹೇಳಲಿ. ಅಡುಗೆಮನೆಯಲ್ಲಿ ಮಿಕ್ಸರ್ ಶುರುವಾದರೆ ಅಂಗಳಕ್ಕೆ ಓಡುತ್ತಿದ್ದೆ. 'ಚಟ್ನಿ ಆಗೂತನಾ ಹೊರಗ ನಿಂದರ್ರಿ, ಧೈರ್ಯಶಾಲಿಗಳು' ಎಂದು ನಮ್ಮ ಮನೆಯಾಕೆ ತುಳಸೀಬಾಯಿ ನಗುತ್ತಿದ್ದಳು. ಮಿಕ್ಸರಿನಿಂದ ಏನೂ ಆಗುವುದಿಲ್ಲ. ಮೊಬೈಲನ್ನು ಎಡ ಕಿಸೆಯಲ್ಲಿ ಇಡಬಾರದು, ವೆಲ್ಡಿಂಗ್ ಮಾಡುವಲ್ಲಿ ನಿಲ್ಲಬಾರದು, ಅಷ್ಟೇ. ನಿನಗೆ ಮೊಬೈಲೂ ಇಲ್ಲ, ಕೇಳುವ ಕಿವಿಯೂ ಇಲ್ಲ. ನಿನ್ನಂಥವನಿಗೇ ಹೇಳಿ ಮಾಡಿಸಿದ್ದು.

ಈಗ ಹೇಳು, ಯಾವಾಗ ಬರುತ್ತೀ?

ನಿನ್ನ
ಪಂಢರೀನಾಥ


ಬೆಣಚಹಾಳ
19-8-2024

ಮಾಸ್ತರರಿಗೆ ಮುತ್ತಪ್ಪನ ನಮಸ್ಕಾರ.

ನೀವೂ ನನ್ನ ಸೊಸೆಯೂ ಕೂಡಿ ನನ್ನನ್ನು ಮಂಗ ಮಾಡಿದಿರಿ. 'ಮೊಣಕಾಲಿಗೆ ಸೂಜಿ ಮಾಡಿಸ್ಕೊಂಡು ಬರೂಣು ಬರ್ರಿ ಮಾವಾರ' ಎಂದು ದಾನಮ್ಮ ಹುನಗುಂದಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಮೊಣಕಾಲು ಯಾರೂ ನೋಡಲಿಲ್ಲ. ಮಲಗಿಸಿ ಎದೆಗೆ ವೈರು ಹಚ್ಚಿ ಕಾಗದ ತೆಗೆದರು. ಸಾಜಿಯಾ ಅಂತ ಡಾಕ್ಟರಮ್ಮ, ಸಣ್ಣ ಹುಡುಗಿ, ನನ್ನ ಕಿವಿಯ ಹತ್ತಿರ ಬಂದು ಕೂಗಿ ಹೇಳಿದಳು: 'ಅಜ್ಜಾರ, ಎದಿ ಮ್ಯಾಲಿನ ಸುದ್ದಿ ಕೆಳಗ ಮುಟ್ಟವಲ್ದು. ಪೇಸ್‌ಮೇಕರ್ ಹಾಕಿಸ್ಕೊಳ್ಳಬೇಕು. ಇವತ್ತs ಬಾಗಲಕೋಟಿಗೆ ಹೋಗ್ರಿ, ತಡಾ ಮಾಡಬ್ಯಾಡ್ರಿ.' ನೀವು ಬರೆದ ಮಾತೇ. ನಾನು ಅಂಗಿ ಹಾಕಿಕೊಂಡು ಊರಿಗೆ ಬಂದೆ. ದಾನಮ್ಮ ದಾರಿಯುದ್ದಕ್ಕೂ ಅತ್ತಳು.

ನಿಮಗೆ ಸಿಟ್ಟಿನಲ್ಲಿ ಬರೆಯಬೇಕೆಂದು ಕೂತೆ. ಆಗಲಿಲ್ಲ. ಖರೆ ಹೇಳಿಬಿಡುತ್ತೇನೆ, ಇದನ್ನು ಹೆಂಡತಿ ಹುಚ್ಚವ್ವನಿಗೂ ಹೇಳಿಲ್ಲ.

ದೇವರು ಬರುವುದು ಬೇರೆ, ಇದು ಬೇರೆ, ನನಗೆ ಮೊದಲಿನಿಂದ ಗೊತ್ತು. ದೇವರು ಬರುವಾಗ ಮೈ ಕಾಯುತ್ತದೆ. ಈ ಕಿವುಡು ಕಿವಿಗೂ ಡೊಳ್ಳು ಎದೆಯೊಳಗೇ ಕೇಳುತ್ತದೆ. ನನ್ನ ಬಾಯಿಂದ ಬಂದ ಮಾತು ನನಗೂ ಕೇಳುತ್ತದೆ. ಇದು ಹಾಗಲ್ಲ. ಕಣ್ಣಿಗೆ ಕತ್ತಲೆ, ಆಮೇಲೆ ಏನೂ ಇಲ್ಲ. ಎದ್ದಾಗ ಬಾಯಲ್ಲಿ ಮಣ್ಣಿನ ರುಚಿ.

ಆದರೆ ನಮ್ಮಪ್ಪ? ನಾನು ಸಣ್ಣವನಿದ್ದಾಗ ಆತನೂ ಇದೇ ಗುಡಿಯಲ್ಲಿ, ಹೀಗೇ ಡೊಳ್ಳು ನಿಂತ ಮೇಲೆ, ಹೀಗೇ ಬಿದ್ದ. ಕಟ್ಟಳೆಯ ಪ್ರಕಾರ ಯಾರೂ ಮುಟ್ಟಲಿಲ್ಲ. ಆತ ಏಳಲಿಲ್ಲ. ದೇವರೇ ಕರೆದುಕೊಂಡಿತು ಎಂದು ಗುಡಿಯ ಬಗಲಿಗೆ ಗದ್ದುಗೆ ಕಟ್ಟಿದರು. ನೀವೂ ಎಷ್ಟೋ ಸಲ ಅದಕ್ಕೆ ಕೈ ಮುಗಿದಿದ್ದೀರಿ. ಸುತ್ತಲಿನ ಊರಿನವರು ಅಲ್ಲಿ ಕಾಯಿ ಒಡೆಯುತ್ತಾರೆ. ಅವ್ವ ದಿನಾ ದೀಪ ಹಚ್ಚುತ್ತಾಳೆ.

ನನ್ನದು ರೋಗ ಅಂದರೆ ಅಪ್ಪನದು ಏನು ಮಾಸ್ತರ್? ಆತ ದೇವರ ಕೈಯಲ್ಲಿ ಹೋದನೋ, ಕೈ ಮುಗಿದು ನಿಂತ ಮಂದಿಯ ನಡುವೆ ಸುಮ್ಮನೆ ಸತ್ತನೋ? ನಾನು ದವಾಖಾನೆಗೆ ಹೋದ ದಿನ ಊರೆಲ್ಲ ಇದನ್ನೇ ಕೇಳುತ್ತದೆ, ಅವ್ವನ ಎದುರಿಗೇ ಕೇಳುತ್ತದೆ. ಹರೆಯದಲ್ಲಿ ಗಂಡನನ್ನು ಕಳಕೊಂಡು ಆ ಒಂದು ನಂಬಿಕೆಯ ಮೇಲೆ ಬದುಕಿದ ಜೀವ ಅದು. ಆಕೆ ಇರುವ ತನಕ ನಾನು ಏನೂ ಹಾಕಿಸಿಕೊಳ್ಳುವುದಿಲ್ಲ. ಆಕೆಗಿಂತ ಮುಂಚೆ ನಾನು ಹೋದರೆ ಹೋದೆ.

ನಿಮ್ಮ
ಮುತ್ತಪ್ಪ


ಬಾದಾಮಿ
27-8-2024

ಮುತ್ತಪ್ಪ,

ನಿನ್ನ ಕಾಗದ ಓದಿದಂದಿನಿಂದ ಮನೆಯಲ್ಲಿ ನಿಲ್ಲಲಾಗಲಿಲ್ಲ. 'ಅಡ್ಡಾಡಿ ಅಡ್ಡಾಡಿ ನೆಲದ ಫರ್ಸಿ ಸವಸ್ತೀರಿ, ಮಗಳ ಮನಿಗರ ಹೋಗ್ರಿ' ಎಂದು ತುಳಸೀಬಾಯಿ ಬಸ್ಸಿಗೆ ಹತ್ತಿಸಿದಳು. ಇಲ್ಲಿ ಅಮಿತಾ ಬ್ಯಾಂಕಿಗೆ ಹೋದ ಮೇಲೆ ಹೊಂಡದ ಮೆಟ್ಟಿಲ ಮೇಲೆ ಕೂಡುತ್ತೇನೆ, ಏಳುತ್ತೇನೆ, ಮತ್ತೆ ಕೂಡುತ್ತೇನೆ. ಕೋತಿಗಳೂ ನನಗಿಂತ ಸಮಾಧಾನದಿಂದಿವೆ.

ನಿನ್ನ ಅಪ್ಪನ ವಿಷಯಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಇಂಥ ತೊಂದರೆ ಕೆಲವು ಮನೆತನಗಳಲ್ಲಿ ತಂದೆಯಿಂದ ಮಗನಿಗೆ ಬರುವುದುಂಟಂತೆ, ಎಲ್ಲರಲ್ಲಿಯೂ ಅಲ್ಲ. ನಿಮ್ಮಪ್ಪನಿಗೆ ಏನಾಗಿತ್ತೋ ಇಂದು ಯಾರೂ ಹೇಳಲಾರರು. ನಾನು ಡಾಕ್ಟರಲ್ಲ, ದೇವರ ವಕೀಲನೂ ಅಲ್ಲ.

ಮೊನ್ನೆ ಇಳಕಲ್ಲಿಗೂ ಹೋಗಿದ್ದೆ, ನಿನಗೆ ಹೇಳದೆ. ನಿನ್ನ ಹಣಮೇಶ ಗ್ರ್ಯಾನೈಟ್ ಪಾಲಿಶ್ ಮಾಡುವ ಶೆಡ್ಡಿನಿಂದ ಮೈತುಂಬ ಕಲ್ಲಿನ ಹಿಟ್ಟು ಬಡಿದುಕೊಂಡು ಹೊರಗೆ ಬಂದ. 'ಸರ, ನಾ ಏನ್ ಮಾಡ್ಲಿರಿ. ಕೈಕಾಲು ಕಟ್ಟಿ ಒಯ್ಯಾಕ ಬರ್ತೈತೇನ್ರಿ ಅಪ್ಪನ್ನ?' ಅಂದವನೇ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟ. ಚಹಾ ತರಿಸಿದ, ಇಬ್ಬರೂ ಕುಡಿಯಲಿಲ್ಲ.

ನೀನು ಬೋರವ್ವನಿಗಾಗಿ ಸಾಯುತ್ತೇನೆ ಎನ್ನುತ್ತೀ. ಆಕೆಯನ್ನು ಒಂದು ಮಾತು ಕೇಳಿದ್ದೀಯಾ? ಕೇಳಿರಲಾರೆ. ಕೇಳು ಎನ್ನುವ ಧೈರ್ಯ ನನಗೂ ಇಲ್ಲ. ನನಗೆ ಗೊತ್ತಿರುವುದು ಇಷ್ಟೇ. ನೀನಿಲ್ಲದ ಬೆಣಚಹಾಳಕ್ಕೆ ಬರಲು ನನಗಾಗದು. ನನಗೆ ಸ್ನೇಹಿತ ಅಂತ ಇರುವವನು ನೀನೊಬ್ಬ.

ನಿನ್ನ
ಪಂಢರೀನಾಥ


ನವನಗರ, ಬಾಗಲಕೋಟೆ
24-9-2024

ಮುತ್ತಪ್ಪ,

ಉತ್ತರವಿಲ್ಲ. ದಾನಮ್ಮ ಫೋನಿನಲ್ಲಿ 'ಅದಾರ್ರಿ' ಎನ್ನುತ್ತಾಳೆ, ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಅಮಾವಾಸ್ಯೆ ಹತ್ತಿರ ಬಂದಂತೆ ನನಗೆ ಊಟ ಸೇರುವುದಿಲ್ಲ. ನಿನ್ನೆ ಹುನಗುಂದದ ಬಸ್ಸು ಹತ್ತಿ ಕೂತು, ಅದು ಹೊರಡುವ ಮುಂಚೆ ಇಳಿದುಬಿಟ್ಟೆ. ಕಂಡಕ್ಟರ್ ನನಗೆ ಹುಚ್ಚು ಅಂದುಕೊಂಡಿರಬೇಕು.

ಬೈಯಲಾದರೂ ಒಂದು ಸಾಲು ಬರೆ.

ಪಂಢರೀನಾಥ


ಬೆಣಚಹಾಳ
6-10-2024

ಮಾಸ್ತರರಿಗೆ ಮುತ್ತಪ್ಪನ ನಮಸ್ಕಾರ.

ಮೊದಲು ಇದನ್ನು ತಿಳಿಸಿರಿ. ಡಬ್ಬಿಯನ್ನು ಎಡಗಡೆಗೇ ಇಡುತ್ತಾರೋ? ಡೊಳ್ಳಿನ ಹಗ್ಗ ನನ್ನ ಎಡ ಹೆಗಲ ಮೇಲೆ ಬರುತ್ತದೆ, ನೀವು ಹೇಳಿದ ಎಲುಬಿನ ಮೇಲೆಯೇ. ಡಾಕ್ಟರನ್ನು ಕೇಳಿರಿ.

ನಾನು ಬರುತ್ತೇನೆ. ಯಾಕೆಂದರೆ ಗುರುವಾರ ಮತ್ತೆ ಬಿದ್ದೆ. ಗುಡಿಯಲ್ಲಿ ಅಲ್ಲ, ನಮ್ಮ ಅಂಗಳದಲ್ಲಿ. ಡೊಳ್ಳಿಲ್ಲ, ಭಂಡಾರವಿಲ್ಲ. ಲಲಿತಾ ನನ್ನ ಬಗಲಲ್ಲಿದ್ದಳು. ಕುರಿಮರಿ ತೋರಿಸುತ್ತಿದ್ದೆ. ಕೂಸಿನ ಮೇಲೆಯೇ ಬಿದ್ದೆನಂತೆ.

ಕಟ್ಟೆಯ ಮೇಲೆ ನಾಲ್ಕಾರು ಹೆಂಗಸರು ಕೂತಿದ್ದರು. ಎದ್ದರು, ಸೆರಗು ಹೊದ್ದು ಕೈ ಮುಗಿದು ನಿಂತರಂತೆ. ನನ್ನ ಮೈ ಕೆಳಗಿಂದ ಕೂಸು ಚೀರುತ್ತಿತ್ತಂತೆ. ದಾನಮ್ಮ ಒಳಗಿಂದ ಓಡಿ ಬಂದು ನನ್ನನ್ನು ಹೊರಳಿಸಲು ಹೋದರೆ, 'ಮುಟ್ಟಬ್ಯಾಡವ್ವಾ, ದೇವ್ರ ಮೈ ಐತಿ' ಎಂದು ತಡೆದರಂತೆ. ಆಕೆ ಅವರನ್ನು ನೂಕಿ ಮಗಳನ್ನು ಎಳೆದುಕೊಂಡಳು. ಕೂಸಿನ ಹಣೆ ಬಾತಿದೆ, ತೋಳು ಉಳುಕಿದೆ. ಬೇರೇನೂ ಆಗಿಲ್ಲ, ಆಗಬಹುದಿತ್ತು.

ನಾನು ಕಣ್ಣು ಬಿಟ್ಟಾಗ ಕಂಡದ್ದು ಕೈ ಮುಗಿದವರನ್ನು. ಕೆಟ್ಟ ಹೆಂಗಸರಲ್ಲ ಅವರು, ನನ್ನ ಅಕ್ಕತಂಗಿಯರಿದ್ದ ಹಾಗೆ. ದಾನಮ್ಮ ಹೊಲಕ್ಕೆ ಹೋದಾಗ ಇದೇ ಕೂಸಿಗೆ ಹಾಲು ಕುಡಿಸಿದ್ದಾರೆ. ಕೂಸು ಅಳುವುದು ಅವರಿಗೆ ಕೇಳುತ್ತಿತ್ತು ಮಾಸ್ತರ್, ನನಗೆ ಕೇಳದಿದ್ದರೂ ಅವರಿಗೆ ಕೇಳುತ್ತಿತ್ತು. ಆದರೂ ನಿಂತಿದ್ದರು. ಲಲಿತಾ ಈಗ ನನ್ನ ಕಾಲ ಹತ್ತಿರ ಬರುವುದಿಲ್ಲ. ಕೈ ಚಾಚಿದರೆ ಅವರವ್ವನ ಸೀರೆಯೊಳಗೆ ಮುಖ ಮುಚ್ಚಿಕೊಳ್ಳುತ್ತಾಳೆ.

ಅವ್ವ ಆ ದಿನ ಉಣ್ಣಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಬಾಗಲಕೋಟೆಗೆ ಹೋಗುತ್ತೇನೆ ಎಂದು ಕಿವಿಯಲ್ಲಿ ಹೇಳಿದೆ. ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

ನಿಮ್ಮ
ಮುತ್ತಪ್ಪ


ನವನಗರ, ಬಾಗಲಕೋಟೆ
9-10-2024

ಮುತ್ತಪ್ಪ,

ಡಾಕ್ಟರನ್ನು ಕೇಳಿ ಬಂದೆ. ನನ್ನ ಸರದಿ ಬರುವ ತನಕ ಕೂಡಲಾಗದೆ ಮೂರು ಸಲ ಬಾಗಿಲು ತಟ್ಟಿ ನರ್ಸಮ್ಮನಿಂದ ಬೈಸಿಕೊಂಡೆ. ಬಲಗಡೆಗೂ ಇಡಬಹುದಂತೆ. ಆದರೆ ನೀನು ಕೋಲು ಬೀಸುವುದು ಬಲಗೈಯಲ್ಲಿ, ತಂತಿಗೆ ಅದು ಒಳ್ಳೆಯದಲ್ಲ. 'ಎಡಗಡೀನs ಇಡೋಣ್ರಿ, ಹಗ್ಗಾನ ಬಲ ಹೆಗಲಿಗೆ ಬದಲು ಮಾಡಿಕೊಳ್ಳಲಿ' ಅಂದರು. ಗಾಯ ಮಾಯುವ ತನಕ ಎಡಗೈಯನ್ನು ಹೆಗಲಿಗಿಂತ ಮೇಲೆ ಎತ್ತಬಾರದು. ಡೊಳ್ಳು ಸಂಕ್ರಾಂತಿ ಕಳೆದ ಮೇಲೆ, ಅವರು ನೋಡಿ ಹೂಂ ಅಂದರೆ. ಈ ವಯಸ್ಸಿನಲ್ಲಿ ಹೆಗಲು ಬದಲಿಸಿ ಬಾರಿಸಲು ಕಲಿಯಬೇಕು ನೀನು. ಕಲಿ, ಏನಾಗುತ್ತದೆ.

ಕಾಗದ ಮುಟ್ಟಿದ ದಿನವೇ ಹೊರಡು. ಒಬ್ಬನೇ ಬರಬೇಡ, ಬಸ್ಸಿನಲ್ಲಿ ಬಾಗಿಲ ಹತ್ತಿರ ನಿಲ್ಲಬೇಡ. ಹಣಮೇಶನಿಗೆ ನಾನೇ ಫೋನು ಮಾಡಿದ್ದೇನೆ. ಬಸ್ ಸ್ಟ್ಯಾಂಡಿನಲ್ಲಿ ನಾನು ನಿಂತಿರುತ್ತೇನೆ. ಯಾವ ಬಸ್ಸು ಎಂದು ಕೇಳಬೇಡ, ಎಲ್ಲ ಬಸ್ಸಿಗೂ ನಿಂತಿರುತ್ತೇನೆ.

ನಿನ್ನ
ಪಂಢರೀನಾಥ


ಬೆಣಚಹಾಳ
28-11-2024

ಮಾಸ್ತರರಿಗೆ ಮುತ್ತಪ್ಪನ ನಮಸ್ಕಾರ.

ನಿಮ್ಮ ಮನೆಯಲ್ಲಿ ತುಳಸೀಬಾಯಿ ವೈನಿಯವರು ಮಾಡಿದ ಆರೈಕೆಗೆ ಏನು ಬರೆಯಲಿ. ಗಾಯ ಒಣಗಿದೆ. ಮುಟ್ಟಿದರೆ ಡಬ್ಬಿ ಕೈಗೆ ಸಿಗುತ್ತದೆ. ಮೊದಮೊದಲು ಮತ್ತೆಮತ್ತೆ ಮುಟ್ಟಿ ನೋಡುತ್ತಿದ್ದೆ, ಹುಚ್ಚವ್ವ ಕೈಗೆ ಬಡಿದಳು.

ಮನೆಯ ಮುಂದಿನ ದಿಬ್ಬ ಏರಿದರೆ ಈಗ ಏದುಸಿರಿಲ್ಲ. ಇಷ್ಟು ದಿನ ಅದನ್ನು ಮುಪ್ಪು ಅಂದುಕೊಂಡಿದ್ದೆ. ನಮ್ಮ ಮೇಳದಲ್ಲಿ ಹಿಂದೆ ನಿಂತು ಬಾರಿಸುವವನೊಬ್ಬ ಇರುತ್ತಾನೆ, ಮುಂದಿನವನ ಪೆಟ್ಟು ತಪ್ಪಿದರೆ ಮಾತ್ರ ಹೊಡೆಯುತ್ತಾನೆ, ಮಂದಿಗೆ ಗೊತ್ತೇ ಆಗುವುದಿಲ್ಲ. ಈ ಡಬ್ಬಿಯೂ ಹಾಗೇ, ನಿಮ್ಮ ಸಾಲೆಯ ಗಂಟೆಗಿಂತ ನನಗೆ ಇದು ಸರಿಯಾಗಿ ತಿಳಿಯಿತು. ಲಲಿತಾ ಮೊನ್ನೆ ನನ್ನ ಬೆರಳು ಹಿಡಿದಳು, ಒಂದು ಗಳಿಗೆ.

ಊರು ಮಾತಾಡುತ್ತದೆ. ಡಾಕ್ಟರು ದೇವರಿಗೆ ಬೇಲಿ ಹಾಕಿದರು ಅನ್ನುತ್ತಾರೆ. ಅದನ್ನು ತಡೆದುಕೊಂಡೇನು. ತಡೆಯಲಾಗದ್ದು ಇನ್ನೊಂದು. ಊರಿನ ಕಣ್ಣಿಗೆ ಕಟ್ಟಳೆ ಹಾಗೆಯೇ ಇದೆ. ನಾಳೆ ಇನ್ನೊಬ್ಬ ಬಿದ್ದರೆ ಮತ್ತೆ ಕೈ ಮುಗಿದು ನಿಲ್ಲುತ್ತಾರೆ. ನನಗೆ ನೀವು ನುಗ್ಗಿ ಬಂದಿರಿ, ಎಲ್ಲರಿಗೂ ಮಾಸ್ತರ ಎಲ್ಲಿಂದ ಬರಬೇಕು? ಎಳ್ಳಮಾವಾಸ್ಯೆಗೆ ಗುಡಿಯಲ್ಲಿ ನಿಂತು ಹೇಳಬೇಕು ಅಂದುಕೊಂಡಿದ್ದೇನೆ. ಅಂದುಕೊಂಡಾಗಲೆಲ್ಲ ಅವ್ವನ ಮುಖ ಅಡ್ಡ ಬರುತ್ತದೆ. ಆಕೆ ಇನ್ನೂ ಸರಿಯಾಗಿ ಮಾತಾಡಿಲ್ಲ. ದೀಪ ಹಚ್ಚಲು ಹೋಗುತ್ತಾಳೆ, ಬರುತ್ತಾಳೆ.

ನಿಮ್ಮ
ಮುತ್ತಪ್ಪ


ನವನಗರ, ಬಾಗಲಕೋಟೆ
12-12-2024

ಮುತ್ತಪ್ಪ,

ಬೇಡ.

ನಾನು ಹೀಗೆ ಬರೆಯುತ್ತೇನೆಂದು ನನಗೇ ನಂಬಿಕೆಯಾಗುತ್ತಿಲ್ಲ, ಆದರೆ ಬೇಡ. ನಿನ್ನ ಜೀವ ಉಳಿಯಿತು, ನನಗೆ ಬೇಕಾದದ್ದು ಅಷ್ಟೇ. ಗುಡಿಯಲ್ಲಿ ನೀನು ಒಂದು ಮಾತು ಹೇಳಿದರೆ ಯಮನಪ್ಪ ನಿಮ್ಮಪ್ಪನ ಹೆಸರು ಎತ್ತುತ್ತಾನೆ, ಎತ್ತದೆ ಇರಲಾರ. ಬೋರವ್ವ ಅಲ್ಲೇ ಕಂಬಕ್ಕೆ ಒರಗಿ ಕೂತಿರುತ್ತಾಳೆ. ಆ ವಯಸ್ಸಿನಲ್ಲಿ ಆಕೆಯ ಗಂಡನನ್ನು ಎರಡನೆಯ ಸಲ ಸಾಯಿಸಬೇಡ. ನಾಲ್ಕು ಹುಡುಗರನ್ನು ಒಬ್ಬೊಬ್ಬರನ್ನಾಗಿ ಕರೆದು ಕಿವಿಯಲ್ಲಿ ಹೇಳು, ಸಾಕು.

ಈ ಕಾಗದವನ್ನು ಹಾಕಲೋ ಬೇಡವೋ ಎಂದು ಪೋಸ್ಟಿನ ಡಬ್ಬಿಯ ಹತ್ತಿರ ಹೋಗಿ ಎರಡು ಸಲ ತಿರುಗಿ ಬಂದಿದ್ದೇನೆ. ನಾನು ಹೇಳುವುದು ಸರಿಯೋ ತಪ್ಪೋ ತಿಳಿಯದು. ಆ ಮುದುಕಿಯ ಮುಖ ನೆನೆದರೆ ನನ್ನ ಬುದ್ಧಿ ಓಡುವುದಿಲ್ಲ.

ನಿನ್ನ
ಪಂಢರೀನಾಥ


ಬೆಣಚಹಾಳ
2-1-2025

ಮಾಸ್ತರರಿಗೆ ಮುತ್ತಪ್ಪನ ನಮಸ್ಕಾರ.

ನಿಮ್ಮ ಮಾತು ಮೀರಿದೆ.

ಎಳ್ಳಮಾವಾಸ್ಯೆಯ ಸಂಜೆ ಹುಡುಗರು ಡೊಳ್ಳು ಬಾರಿಸಿದರು, ನಾನು ಬರಿಗೈಯಲ್ಲಿ ನಿಂತಿದ್ದೆ. ಮೈ ಕಾಯಿತು, ಕಾಲು ನಡುಗಿದವು. ಡೊಳ್ಳು ಎದೆಯೊಳಗೆ ಕೇಳಿತು. ಬೀರಪ್ಪ ಬಂದ. ನನ್ನ ಬಾಯಿಂದ ಏನು ನುಡಿಸಿದ ಎಂದು ಬರೆಯುವುದಿಲ್ಲ, ಅದು ಕೇಳಿದವರಿಗಷ್ಟೇ. ಆದರೆ ನಾನು ಬೀಳಲಿಲ್ಲ. ಡಬ್ಬಿಯಿಂದ ದೇವರಿಗೆ ಏನೂ ಅಡ್ಡಿಯಾಗಲಿಲ್ಲ.

ಎಲ್ಲ ಮುಗಿದು ಮಂದಿ ಏಳುವ ಮುಂಚೆ ನಾನು ಮಾತು ತೆಗೆದೆ. 'ಕೇಳ್ರಿ ಎಲ್ಲಾರೂ. ಇವತ್ತ ಬಂದಾಂವ ದೇವ್ರು. ಮದ್ಲ ನಾ ನೆಲಕ್ಕ ಬೀಳ್ತಿದ್ನೆಲ್ಲಾ, ಅದು ದೇವ್ರಲ್ಲ, ಜಡ್ಡು. ಇನ್ನ ಮ್ಯಾಲೆ ಈ ಗುಡಿಯಾಗ ಯಾರರ ಬಿದ್ರ ಓಡಿ ಹೋಗಿ ಎತ್ರಿ, ದವಾಖಾನಿಗೆ ಒಯ್ರಿ. ಬಿದ್ದಾಂವನ್ನ ಎತ್ತಿದ್ರ ಸಿಟ್ಟಾಗೋ ದೇವ್ರಲ್ಲ ನಮ್ಮ ಬೀರಪ್ಪ' ಅಂದೆ.

ಯಮನಪ್ಪಜ್ಜ ಎದ್ದು ನಿಂತ. ನೀವು ಬರೆದ ಹಾಗೆಯೇ ಆಯಿತು. 'ಹಂಗಾರ ನಿಮ್ಮಪ್ಪ? ಹೊರಗಿನ ಗದ್ದಿಗಿ ಸುಳ್ಳೇನು?' ಎಂದು ಜೋರಾಗಿ ಕೇಳಿದ.

ನಾನು ಅವ್ವನ ಕಡೆ ನೋಡಲಿಲ್ಲ. ನೋಡಿದ್ದರೆ ಮಾತು ಹೊರಡುತ್ತಿರಲಿಲ್ಲ. 'ಅಪ್ಪನ್ನೂ ಎತ್ತಬೇಕಾಗಿತ್ತು' ಅಂದೆ.

ಮಂದಿಯೆಲ್ಲ ಒಂದು ಕಡೆ ತಿರುಗಿದರು. ಅವ್ವ ಏನೋ ಅನ್ನುತ್ತಿದ್ದಳು, ನನಗೆ ಕೇಳಲಿಲ್ಲ. 'ಏನಂದಿ ಅವ್ವಾ?' ಅಂದೆ. ಕಂಬ ಹಿಡಿದು ಎದ್ದು ನಿಂತಳು. ಆ ಮೈಯಲ್ಲಿ ಅಂಥ ದನಿ ಎಲ್ಲಿತ್ತೋ, ಕೂಗಿ ಹೇಳಿದಳು: 'ನೀರ ಬೇಡಿದ್ದ ಅಂವಾ! ಕಣ್ಣ ತಗದು ನನ್ನ ನೋಡಿ ನೀರ ಅಂದ. ಚರಿಗಿ ತುಂಬಕೊಂಡು ಓಡಿ ಬಂದ್ರ ನನ್ನ ರಟ್ಟಿ ಹಿಡದು ನಿಂದರಿಸಿದ್ರು, ಮುಟ್ಟಬ್ಯಾಡ ದೇವ್ರು ಐತಿ ಅಂತ. ಅಂವಾ ನನ್ನ ನೋಡ್ಕೋತs ಹೋದ.'

ಯಮನಪ್ಪಜ್ಜ ಕೂತುಬಿಟ್ಟ. ಆಗ ಆತ ಹರೆಯದ ಹುಡುಗ. ರಟ್ಟೆ ಹಿಡಿದವರಲ್ಲಿ ಆತನೂ ಇದ್ದನೋ ಏನೋ, ನಾನು ಕೇಳಲಿಲ್ಲ, ಆತನೂ ಹೇಳಲಿಲ್ಲ.

ಅವ್ವನನ್ನು ಹಿಡಿದುಕೊಂಡು ಮನೆಗೆ ಬಂದೆ. ಹೊಸ್ತಿಲ ಮೇಲೆ ಕೂತಳು, ನಾನೂ ಕೂತೆ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ತಲೆಯನ್ನು ಹತ್ತಿರ ಎಳೆದುಕೊಂಡು ಕಿವಿಯಲ್ಲಿ ಹೇಳಿದಳು: 'ಸಣ್ಣಾಂವಿದ್ದಾಗ ನಮ್ಮಪ್ಪ ದೇವ್ರಾಗ್ಯಾನ ಅಂತ ಊರ ತುಂಬ ಹೇಳ್ಕೋತ ಅಡ್ಡಾಡ್ತಿದ್ದೆಲ್ಲೋ ಯಪ್ಪಾ. ನಿನಗ ಅಷ್ಟs ಇತ್ತು. ಅದನ್ನ ಹೆಂಗ ಕಸಗೊಳ್ಲಿ?'

ಮಾಸ್ತರ್, ಇನ್ನು ಬರೆಯಲು ಆಗುತ್ತಿಲ್ಲ. ನೀವು ಬರ್ರಿ.

ನಿಮ್ಮ
ಮುತ್ತಪ್ಪ